ಬೇಲಿಯೋ ಡಬ್ಬಿಯೋ ಅಂತ ಕೇಳಿದವರಿಗೆ

ಹೋದ ಸಲ ನಮ್ಮ ವಾಚನಾಲಯದ ಜಗಲಿ ಮೇಲೆ ಆನೆ ಬೇಲಿ ವಿಚಾರಕ್ಕೆ ಸಭೆ ಸೇರಿತ್ತಲ್ಲ, ಅವತ್ತು ಒಬ್ಬರು ಎದ್ದು ನಿಂತು ಒಂದು ಮಾತು ಅಂದರು. "ಒಂದು ಮಗೀನ ಹೊಟ್ಟೆಗೆ ಕಟ್ಟೋ ಡಬ್ಬಿಗೆ ಸರ್ಕಾರ ಲಕ್ಷಗಟ್ಟಲೆ ಸುರೀತದೆ, ಇಡೀ ಚೇಕಾಡಿಗೆ ಆಗೋ ಬೇಲಿಗೆ ಮಾತ್ರ ಅದರ ತಾವ ಕಾಸಿಲ್ಲ" ಅಂತ. ಅವರು ನನ್ನ ಮುಖ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಯಾಕಂದ್ರೆ ಈ ಊರಲ್ಲಿ ಹೊಟ್ಟೆಗೆ ಡಬ್ಬಿ ಕಟ್ಟಿಕೊಂಡು ಓಡಾಡೋ ಮಗು ಒಂದೇ, ಅದು ನನ್ನ ಮೊಮ್ಮಗಳು.

ತಂಬೂರಿ ಹಿಡಿದರೆ ಬೆಳತನಕ ಮಂಟೇಸ್ವಾಮಿ ಕತೆ ಹಾಡೋ ಬಾಯಿ ನಂದು. ಅವತ್ತು ಮಾತ್ರ ಒಂದು ಅಕ್ಷರ ಬರಲಿಲ್ಲ. ತಲೆ ಬಗ್ಗಿಸಿಕೊಂಡು ಎದ್ದು ಬಂದೆ. ಆಮೇಲೆ ವಾಚನಾಲಯದವರು "ಪುಸ್ತಕಕ್ಕೆ ನೀವೂ ಏನಾದ್ರೂ ಬರ್ಕೊಡಿ ತಾತ, ಹಾಡಿನ ಬಗ್ಗೆ ಬರೀರಿ" ಅಂದ್ರು. ಹಾಡಿನ ಬಗ್ಗೆ ಮುಂದಿನ ಸಲ ನೋಡಾನ. ಈ ಸಲ ನನ್ನ ಬಾಕಿ ತೀರಿಸ್ತೀನಿ. ಏಳನೇ ಕ್ಲಾಸು ಓದಿದವನ ಬರಹ, ಕಾಗುಣಿತ ತಪ್ಪಿದ್ರೆ ಮೇಷ್ಟ್ರುಗಳು ತಿದ್ದಿಕೊಳ್ಳಿ. ವಿಷಯ ತಿದ್ದಬೇಡಿ.

ಮಗುವಿಗೆ ಈಗ ಹನ್ನೊಂದು ವರ್ಷ. ಕಾಯಿಲೆ ಬಂದದ್ದು ಏಳು ತುಂಬಿದಾಗ. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ನಾಲ್ಕು ಸಲ ಒಂದಕ್ಕೆ ಏಳೋಳು, ಹಾಸಿಗೆ ಒದ್ದೆ ಮಾಡೋದು ಮೂರು ವರ್ಷಕ್ಕೇ ಬಿಟ್ಟಿದ್ದವಳು ಮತ್ತೆ ಶುರು ಮಾಡಿದಳು. ಬುಟ್ಟಿ ಅನ್ನ ಉಂಡರೂ ಪಕ್ಕೆಲುಬು ಎಣಿಸೋ ಹಾಗೆ ಸೊರಗಿದಳು. ನಾವು ಹುಳ ಅಂದ್ವಿ, ದೃಷ್ಟಿ ಅಂದ್ವಿ. ಅವರಜ್ಜಿ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಹದಿನೈದು ದಿನ ಹಿಂಗೇ ಕಳೆದ್ವಿ. ಒಂದು ಸಂಜೆ ವಾಂತಿ ಹತ್ತಿಕೊಂಡಿತು, ಓಡಿಬಂದ ನಾಯಿ ಥರ ಉಸಿರು ಬಿಡ್ತಾ ಇದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಜೀಪು ಹಿಡಿದು ಪುಲ್ಪಳ್ಳಿ ಕಡೆಗೆ ಹೊರಟರೆ ಕಾಡಿನ ದಾರಿಯಲ್ಲಿ ಆನೆ ನಿಂತಿದೆ. ಈ ಊರು ಹೆಂಗಿದೆ ಅಂತ ನಿಮಗೆ ಹೇಳಬೇಕಾ? ಮೂರು ಕಡೆ ಕಾಡು, ಒಂದು ಕಡೆ ಕಬಿನಿ. ಇಂಜಿನ್ ಆರಿಸಿ, ಲೈಟು ಆರಿಸಿ, ಮಗೀನ ಮಡಿಲಲ್ಲಿ ಹಾಕ್ಕೊಂಡು ಅರ್ಧ ಗಂಟೆ ಕೂತಿದ್ವಿ. ಆ ಅರ್ಧ ಗಂಟೇಲಿ ನಾನು ಹರಕೆ ಹೊರದ ದೇವರಿಲ್ಲ.

ಆಸ್ಪತ್ರೇಲಿ ಹೇಳಿದ್ದು ಟೈಪ್ ಒನ್ ಡಯಾಬಿಟಿಸ್. ಸಕ್ಕರೆ ಕಾಯಿಲೆ ಅಂತ ಕೇಳಿದ ಕೂಡಲೇ ಊರು ಹೇಳಿದ್ದು ಏನು ಗೊತ್ತಾ? "ಮಿಠಾಯಿ ಕೊಟ್ಟು ಕೊಟ್ಟು ಮಗೀನ ಕೆಡಿಸಿದ್ರು." ಈ ಮಾತು ನನ್ನ ಸೊಸೆಯ ಕಿವಿಗೆ ಬಿದ್ದು ಅವಳು ಮೂರು ತಿಂಗಳು ಯಾರ ಮನೆಗೂ ಹೋಗಲಿಲ್ಲ. ಮಿಠಾಯಿಗೂ ಇದಕ್ಕೂ ಸಂಬಂಧ ಇಲ್ಲ ಕಣ್ರಪ್ಪ. ನನ್ನ ವಯಸ್ಸಿನವರಿಗೆ ಬರೋ ಸಕ್ಕರೆ ಕಾಯಿಲೆ ಬೇರೆ, ಅದಕ್ಕೆ ಮಾತ್ರೆ ಉಂಟು, ನಡೆದಾಡಿದ್ರೆ, ಊಟ ತಗ್ಗಿಸಿದ್ರೆ ಹತೋಟಿಗೆ ಬರೋದೂ ಉಂಟು. ಮಕ್ಕಳಿಗೆ ಬರೋದು ಬೇರೆ. ಹೊಟ್ಟೆಯೊಳಗೆ ಮೇದೋಜೀರಕ ಅಂತ ಒಂದು ಗ್ರಂಥಿ, ಅದರಲ್ಲಿ ಇನ್ಸುಲಿನ್ ಮಾಡೋ ಕಣಗಳಿವೆ. ರೋಗದ ಮೇಲೆ ಬೀಳಬೇಕಾದ ಮೈಯ ಕಾವಲೇ ಆ ಕಣಗಳ ಮೇಲೆ ಬಿದ್ದು ಹಾಳು ಮಾಡ್ತದೆ. ಕಾವಲು ನಾಯಿ ಸ್ವಂತ ಮನೆ ಕೋಳಿ ತಿಂದ ಹಾಗೆ. ಅದಕ್ಕೆ ಮಗು ಕಾರಣ ಅಲ್ಲ, ತಾಯಿ ಕಾರಣ ಅಲ್ಲ, ಗ್ರಹ ಕಾರಣ ಅಲ್ಲ. ಇನ್ಸುಲಿನ್ ಇಲ್ಲದಿದ್ರೆ ಉಂಡ ಅನ್ನ ರಕ್ತದಲ್ಲೇ ಸಕ್ಕರೆಯಾಗಿ ನಿಂತು ಮೈಗೆ ಹತ್ತೋದಿಲ್ಲ. ತುಂಬಿದ ಕಣಜದ ಮುಂದೆ ಉಪವಾಸ ಕೂತ ಹಾಗೆ.

1922ಕ್ಕೆ ಮುಂಚೆ ಇಂಥ ಮಕ್ಕಳು ಯಾರೂ ಹೆಚ್ಚು ದಿನ ಉಳೀತಿರಲಿಲ್ಲ. ಕೆನಡಾ ದೇಶದ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಅಂತ ಇಬ್ಬರು 1921ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಚುಚ್ಚು ಕೊಟ್ಟರು, ಎರಡನೇ ಸಲ ಶುದ್ಧ ಮಾಡಿ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅದರ ಹಕ್ಕನ್ನು ಅವರು ಒಬ್ಬೊಬ್ಬರಿಗೆ ಒಂದು ಡಾಲರಿನಂತೆ ವಿಶ್ವವಿದ್ಯಾಲಯಕ್ಕೆ ಬರ್ಕೊಟ್ಟರಂತೆ. ಒಂದೇ ಡಾಲರು! ಮೇಷ್ಟ್ರುಗಳೇ, ಪಾಠ ಮಾಡುವಾಗ ಇದನ್ನು ಮಕ್ಕಳಿಗೆ ಹೇಳಿ. ದುಡ್ಡು ಯಾರಿಗೆ ಸುರೀಬೇಕು ಅಂತ ಲೆಕ್ಕ ಕೇಳೋರಿಗೂ ಹೇಳಿ.

ಈಗ ನನ್ನ ತಪ್ಪು ಹೇಳ್ತೀನಿ. ಬೇರೆಯವರನ್ನು ಬಯ್ಯೋಕೆ ಮುಂಚೆ ಅದು ಹೇಳಬೇಕು. ಆಸ್ಪತ್ರೆಯಿಂದ ಬಂದ ಮೇಲೆ ದಿನಕ್ಕೆ ನಾಲ್ಕು ಚುಚ್ಚು. ಮಗು ಹಂಡೆ ಹಿಂದೆ ಅವಿತುಕೊಳ್ಳೋಳು. ಅದನ್ನ ಹಿಡಿದು ಎಳೆದು ತರೋದು, ಸೊಸೆ ಅಳುತ್ತಾ ಚುಚ್ಚೋದು. ನೋಡಕ್ಕಾಗದೆ ನಾನು ಹೊಳೆಯಾಚೆ ಹೋಗಿ ಒಬ್ಬ ಗಿಡಮೂಲಿಕೆಯವನನ್ನು ಕಂಡೆ. ಹಾಗಲಕಾಯಿ ರಸ, ಮಧುನಾಶಿನಿ ಎಲೆ, ಇನ್ನೇನೋ ಚಕ್ಕೆ. "ಚುಚ್ಚು ಬಿಟ್ಟರೇ ಇದು ಹಿಡಿಯೋದು" ಅಂದ. ಮಗ ಸೊಸೆ ಮದುವೆಗೆ ಹೋಗಿದ್ದ ದಿನ ನೋಡಿ ನಾನು ಚುಚ್ಚು ಬಿಡಿಸಿದೆ. ಮಗು ಕುಣಿದಾಡಿತು, ತಾತ ಒಳ್ಳೇನು ಅಂತ. ಮಾರನೇ ದಿನ ಮತ್ತೆ ಅದೇ ವಾಂತಿ, ಅದೇ ಉಸಿರು, ಅದೇ ಜೀಪು. ಮೂರು ದಿನ ತೀವ್ರ ನಿಗಾ ಕೋಣೆಯಲ್ಲಿ. ಮಗ ನನಗೆ ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು. ಗಿಡಮೂಲಿಕೆ ಮೇಲೆ ನನಗೆ ದ್ವೇಷ ಇಲ್ಲ, ಕೆಮ್ಮಿಗೆ ಈಗಲೂ ದೊಡ್ಡಪತ್ರೆ ನಾನೇ ಅರೀತೀನಿ. ಆದರೆ ಈ ಕಾಯಿಲೆಗೆ ಚುಚ್ಚು ಬಿಡಿಸಿ ಎಲೆ ಕೊಡೋನು ಕೊಲೆಗಾರ. ಒಂದು ದಿನ ನಾನೂ ಅವನ ಜತೆ ಕೂಡಿದ್ದೆ.

ಆ ಡಬ್ಬಿ ಬಂದದ್ದು ಆಮೇಲೆ. ಕೇರಳ ಸರ್ಕಾರದ ಸಾಮಾಜಿಕ ಸುರಕ್ಷಾ ಮಿಷನ್‌ನವರದ್ದು 'ಮಿಠಾಯಿ' ಅಂತ ಒಂದು ಯೋಜನೆ ಇದೆ, ಟೈಪ್ ಒನ್ ಮಕ್ಕಳಿಗೆ ಇನ್ಸುಲಿನ್ನು, ಪೆನ್ನು, ಸಕ್ಕರೆ ನೋಡೋ ಸಾಧನ ಕೊಡ್ತದೆ, ಆರಿಸಿದ ಕೆಲವು ಮಕ್ಕಳಿಗೆ ಪಂಪೂ ಕೊಡ್ತದೆ. ಸಕ್ಕರೆ ಕಾಯಿಲೆ ಯೋಜನೆಗೆ ಮಿಠಾಯಿ ಅಂತ ಹೆಸರಿಟ್ಟವರು ಯಾರೋ, ಅವರಿಗೆ ನನ್ನದೊಂದು ನಮಸ್ಕಾರ. ಹೆದರಿದ ಮಗು ಆ ಹೆಸರು ಕೇಳಿ ಮೊದಲ ಸಲ ನಕ್ಕಿತು. ಪಂಪು ಅಂದ ಕೂಡಲೇ ನಾನು ಗದ್ದೆಯ ಮೋಟಾರು ಅಂದ್ಕೊಂಡೆ. ನೋಡಿದರೆ ಅಂಗೈಯಲ್ಲಿ ಮುಚ್ಚೋವಷ್ಟೇ ಇದೆ. 1963ರಲ್ಲಿ ಅಮೆರಿಕದ ಅರ್ನಾಲ್ಡ್ ಕದಿಶ್ ಅನ್ನೋ ಡಾಕ್ಟರು ಮೊದಲ ಸಲ ಇಂಥದ್ದು ಮಾಡಿದಾಗ ಬೆನ್ನಿಗೆ ಹೊರೋ ಮೂಟೆಯಷ್ಟು ಇತ್ತಂತೆ. ಅರವತ್ತು ವರ್ಷದಲ್ಲಿ ಮೂಟೆ ಡಬ್ಬಿಯಾಗಿದೆ.

ಇದು ಹೆಂಗೆ ಕೆಲಸ ಮಾಡ್ತದೆ ಅಂತ ಡಾಕ್ಟರು ಮಗನಿಗೆ ಎರಡು ದಿನ ಹೇಳಿಕೊಟ್ಟರು. ನನಗೆ ಅರ್ಥ ಆದದ್ದು ತಂಬೂರಿಯಿಂದ. ಹಾಡುವಾಗ ತಂತಿ ಮೀಟ್ತಾನೇ ಇರ್ತೀವಿ, ಹಾಡು ನಿಂತರೂ ಶ್ರುತಿ ನಿಲ್ಲೋದಿಲ್ಲ. ಹಂಗೆ ಈ ಡಬ್ಬಿ ಹಗಲು ರಾತ್ರಿ ಹನಿ ಹನಿಯಾಗಿ ಇನ್ಸುಲಿನ್ ಬಿಡ್ತಾನೇ ಇರ್ತದೆ. ಅದು ಶ್ರುತಿ. ಊಟಕ್ಕೆ ಕೂತಾಗ ಗುಂಡಿ ಒತ್ತಿದರೆ ಆ ಊಟಕ್ಕೆ ತಕ್ಕಷ್ಟು ಒಂದು ಪಾಲು ಬಿಡ್ತದೆ. ಅದು ಪದ. ಡಬ್ಬಿಯಿಂದ ಒಂದು ಸಣ್ಣ ಕೊಳವೆ, ಕೊಳವೆ ತುದಿಯಲ್ಲಿ ಕೂದಲಿಗಿಂತ ಒಂಚೂರು ದಪ್ಪ ಇರೋ ಮೆತ್ತನೆ ನಳಿಕೆ, ಅದು ಹೊಟ್ಟೆಯ ಚರ್ಮದ ಕೆಳಗೆ. ಎರಡು ಮೂರು ದಿನಕ್ಕೊಮ್ಮೆ ಕಿತ್ತು ಬೇರೆ ಜಾಗದಲ್ಲಿ ಹಾಕಬೇಕು. ದಿನಕ್ಕೆ ನಾಲ್ಕು ಚುಚ್ಚು ಹೋಗಿ ಮೂರು ದಿನಕ್ಕೆ ಒಂದಾಯಿತು. ಅವಳು ಈಗ ಹಂಡೆ ಹಿಂದೆ ಅವಿತುಕೊಳ್ಳೋದಿಲ್ಲ.

ಪಂಪು ಬಂತು, ಇನ್ನೇನು ಕಾಯಿಲೆ ಹೋಯ್ತು ಅಂತ ಊರು ಅಂದ್ಕೊಂಡಿದೆ. ಅಲ್ಲ. ಡಬ್ಬಿಗೆ ಬುದ್ಧಿ ಅಷ್ಟಕ್ಕಷ್ಟೆ. ಎಷ್ಟು ಉಣ್ತೀವಿ ಅಂತ ನಾವೇ ಲೆಕ್ಕ ಹಾಕಿ ಹೇಳಬೇಕು. ಒಂದು ಬಟ್ಟಲು ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟ ಅಂತ ಹನ್ನೊಂದು ವರ್ಷದ ಹುಡುಗಿಗೆ ಬಾಯಿಪಾಠ. ನನ್ನ ಅಜ್ಜಂದಿರು ಬೈರಕುಪ್ಪೆ ಕಡೆಯಿಂದ ಹೊಳೆ ದಾಟಿ ಬಂದವರು, ನಮ್ಮ ಮನೇಲಿ ಈಗಲೂ ವಾರಕ್ಕೆ ಎರಡು ದಿನ ಮುದ್ದೆ. ಬಂದ ನೆಂಟರೆಲ್ಲ "ಮಗೀಗೆ ರಾಗಿ ಕೊಡಿ, ರಾಗಿಗೆ ಸಕ್ಕರೆ ಏರಲ್ಲ" ಅಂತಾರೆ. ನೂರು ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇದೆ. ನಾರು ಇದೆ, ಸುಣ್ಣದ ಸತ್ವ ಇದೆ, ಒಳ್ಳೇದು, ಉಣ್ಣಲಿ. ಆದರೆ ಮುದ್ದೆಗೂ ಗುಂಡಿ ಒತ್ತಲೇಬೇಕು. ಜೇನೂ ಅಷ್ಟೆ. ಕಾಡಿನ ಜೇನು ಅಂದ ಮಾತ್ರಕ್ಕೆ ರಕ್ತ ಮುಲಾಜು ನೋಡೋದಿಲ್ಲ. ಹಾಗಂತ ಪುತ್ತರಿ ದಿನ ಗಂಧಕಸಾಲೆ ಅಕ್ಕಿ ಪಾಯಸ ಮಾಡಿದಾಗ ಅವಳ ಎಲೆಗೆ ಮಾತ್ರ ಹಾಕದೆ ದಾಟಿಸಿದ್ದೀರಲ್ಲ, ಅದೂ ತಪ್ಪು. ಅವಳು ಪಾಯಸ ತಿನ್ನಬಹುದು, ಅಳತೆ ತಿಳಿದು, ಗುಂಡಿ ಒತ್ತಿ ತಿನ್ನಬಹುದು. ಅನುಕಂಪ ತೋರಿಸ್ತೀವಿ ಅಂತ ಮಗೀನ ಪಂಕ್ತಿಯಿಂದ ಹೊರಗೆ ಹಾಕೋದು ಯಾವ ನ್ಯಾಯ?

ಗದ್ದೆಗೆ ಇಳಿದ ದಿನ ಲೆಕ್ಕವೇ ಬೇರೆ. ಪೈರು ಕೀಳೋಕೆ, ನಾಟಿಗೆ ಅವಳೂ ಬರ್ತಾಳೆ, ತಡೆದರೆ ಕೇಳೋದಿಲ್ಲ. ಮೈ ಬಗ್ಗಿಸಿದರೆ ಸಕ್ಕರೆ ಇಳೀತದೆ, ಕೆಲಸ ಮುಗಿದ ಮೇಲೂ, ರಾತ್ರಿ ಮಲಗಿದ ಮೇಲೂ ಇಳೀತದೆ. 70ಕ್ಕಿಂತ ಕೆಳಗೆ ಹೋದರೆ ಕೈ ನಡುಕ, ಬೆವರು, ಕಣ್ಣು ಮಂಜು, ಮಾತು ತೊದಲು. ನೋಡಿದವರಿಗೆ ಸೊಕ್ಕಿನಿಂದ ಮಾತಾಡ್ತಾಳೆ ಅನ್ನಿಸ್ತದೆ. ಆವಾಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ತದೆ, ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಓಡಬೇಕು. "ಸಕ್ಕರೆ ಕಾಯಿಲೆ ಮಗೀಗೆ ಸಕ್ಕರೆ ಕೊಡ್ತಾರಾ" ಅಂತ ಬದುವಿನ ಮೇಲೆ ನಿಂತು ನನ್ನ ಕೈ ಹಿಡಿದವರು ಉಂಟು. ಒಳ್ಳೇ ಮನಸ್ಸಿಂದಲೇ ಹಿಡಿದ್ರು. ಒಳ್ಳೇ ಮನಸ್ಸು ಬೇರೆ, ತಿಳುವಳಿಕೆ ಬೇರೆ.

ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರೋದಿಲ್ಲ. ಬಿಚ್ಚದ ಇನ್ಸುಲಿನ್ನು ಎರಡರಿಂದ ಎಂಟು ಡಿಗ್ರಿ ತಂಪಲ್ಲಿ ಇರಬೇಕು, ಹಾಗಂತ ಐಸಾದರೂ ಕೆಟ್ಟಿತು. ಅದಕ್ಕೆ ನನ್ನ ಹೆಂಡತಿ ಮಾಡಿದ ಉಪಾಯ ಮಣ್ಣಿನ ಮಡಕೆ. ದೊಡ್ಡ ಮಡಕೆ ಒಳಗೆ ಚಿಕ್ಕ ಮಡಕೆ, ನಡುವೆ ಮರಳು, ಮರಳಿಗೆ ದಿನಾ ನೀರು. ಫ್ರಿಜ್ಜಿನಷ್ಟು ತಣ್ಣಗಾಗೋದಿಲ್ಲ, ಆದರೆ ಬಿಸಿಲ ದಿನಕ್ಕೆ ಔಷಧಿ ಕೆಡದಂತೆ ಉಳಿಸ್ತದೆ. ಡಾಕ್ಟರೂ ಒಪ್ಪಿದ್ರು. ಡಬ್ಬಿಗೆ ಸೊಂಟದ ಚೀಲವನ್ನೂ ಅವಳೇ ಹಳೇ ಸೀರೆಯಲ್ಲಿ ಹೊಲಿದಳು, ಬಣ್ಣಕ್ಕೊಂದು.

ರಾತ್ರಿ ಕಾವಲಿಗೆ ನಾನು ಗದ್ದೆಯ ಅಟ್ಟಣೆ ಮೇಲೆ ಮಲಗೋನು, ನಿಮಗೆಲ್ಲ ಗೊತ್ತು. ಭತ್ತ ಹಾಲುಗಟ್ಟಿದ ಮೇಲೆ ಆನೆ ಬಿಡೋದಿಲ್ಲ. ಈಗ ನನ್ನ ಕಿವಿಗೆ ಎರಡು ಕೆಲಸ. ಕಾಡಿನ ಅಂಚಲ್ಲಿ ಬಿದಿರು ಮುರಿಯೋ ಸದ್ದು ಒಂದು, ಮನೆ ಕಡೆಯಿಂದ ಮಗ ಟಾರ್ಚು ಬೀಸಿದನಾ ಅನ್ನೋದು ಒಂದು. ನಡುರಾತ್ರಿ ಎರಡಕ್ಕೆ ಡಬ್ಬಿ ಪೀಂ ಪೀಂ ಅಂದ್ರೆ ಕೊಳವೆ ಕಟ್ಟಿದೆಯೋ, ಔಷಧಿ ಮುಗಿದಿದೆಯೋ ಏಳಲೇಬೇಕು. ಯಾಕೆ ಅಂದ್ರೆ ಕೇಳಿ, ಇದು ಎಲ್ಲಕ್ಕಿಂತ ಮುಖ್ಯ. ಚುಚ್ಚು ತಕ್ಕೊಳ್ಳೋರ ಮೈಯಲ್ಲಿ ಇಡೀ ದಿನ ನಿಲ್ಲೋ ಇನ್ಸುಲಿನ್ ಒಂದು ಇರ್ತದೆ. ಪಂಪಿನಲ್ಲಿ ಇರೋದು ಬೇಗ ಕರಗೋದು ಮಾತ್ರ. ಹನಿ ನಿಂತರೆ ಮೈಯಲ್ಲಿ ದಾಸ್ತಾನು ಇಲ್ಲ. ಸ್ನಾನಕ್ಕೆ ಅಂತ ಬಿಚ್ಚಿದರೆ ಒಂದು ಗಂಟೆಯೊಳಗೆ ಮತ್ತೆ ಹಾಕಬೇಕು. ಕೆಲವೇ ಗಂಟೆ ಹೋದರೆ ರಕ್ತದಲ್ಲಿ ಕೀಟೋನ್ ಅನ್ನೋ ವಿಷ ಏರೋಕೆ ಶುರು.

ಇದು ಗೊತ್ತಿಲ್ಲದೆ ಒಂದು ಶಾಲೆಯಲ್ಲಿ ಏನಾಯ್ತು ಅಂತ ಬರೀಲೇಬೇಕು. ಶಾಲೆಯ ಹೆಸರು ಬೇಡ, ಟೀಚರ ಹೆಸರೂ ಬೇಡ, ಅವರು ಆಮೇಲೆ ಮನೆಗೆ ಬಂದು ಕಣ್ಣೀರು ಹಾಕಿದ್ದಾರೆ. ಓಣಂ ಪರೀಕ್ಷೆ ದಿನ. ಕೋಣೆಯ ಕಾವಲಿಗೆ ಬೇರೆ ಕ್ಲಾಸಿನ ಟೀಚರು. ಹುಡುಗಿ ಸೊಂಟದಲ್ಲಿ ಬೆಳಕು ಬಿಡೋ ಡಬ್ಬಿ ನೋಡಿ "ಮೊಬೈಲ್ ಬಿಚ್ಚು" ಅಂದ್ರು. ಇವಳು "ಮೊಬೈಲ್ ಅಲ್ಲ ಟೀಚರೇ, ಔಷಧಿ" ಅಂದಳು. ಎದುರು ಮಾತಾಡ್ತೀಯಾ ಅಂದ್ರು. ಮಗು ಅಲ್ಲವಾ, ಹೆದರಿ ಬಿಚ್ಚಿ ಕೊಟ್ಟಳು. ಹತ್ತು ಗಂಟೆಗೆ ಆಫೀಸಿನ ಬೀರು ಸೇರಿದ ಡಬ್ಬಿ ಕೈಗೆ ಬಂದದ್ದು ಸಂಜೆ ನಾಲ್ಕಕ್ಕೆ. ಆರು ಗಂಟೆ. ನಡುವೆ ಮಧ್ಯಾಹ್ನದ ಅನ್ನ ಬೇರೆ ಉಂಡಿದ್ದಾಳೆ. ಮನೆ ಜಗಲಿ ಹತ್ತೋಕೆ ಮುಂಚೆ ವಾಂತಿ. ನನ್ನ ಮಗ ಕೂಡಲೇ ಪೆನ್ನಿಂದ ಚುಚ್ಚು ಕೊಟ್ಟು, ಹೊಸ ನಳಿಕೆ ಹಾಕಿ, ನೀರು ಕುಡಿಸುತ್ತಾ ಆಸ್ಪತ್ರೆಗೆ ಕರಕೊಂಡು ಹೋದ. ಸಕಾಲಕ್ಕೆ ಆಯ್ತು, ಬದುಕಿದಳು. ಪಂಪು ಇದ್ದರೂ ಚುಚ್ಚುವ ಪೆನ್ನು ಮನೇಲಿ ಇರಲೇಬೇಕು ಅಂತ ಡಾಕ್ಟರು ಹೇಳಿದ್ದರ ಬೆಲೆ ಅವತ್ತು ತಿಳೀತು.

ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಬರೆಯೋದಿಲ್ಲ, ನಿಮಗೂ ಓದು ಇದೆ. 2017ರಲ್ಲೇ ಸಿಬಿಎಸ್‌ಇ ಬೋರ್ಡಿನವರು ಇಂಥ ಮಕ್ಕಳು ಪರೀಕ್ಷಾ ಕೋಣೆಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ತರಬಹುದು ಅಂತ ಒಪ್ಪಿದ್ದಾರೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕು ರಕ್ಷಣಾ ಆಯೋಗ ಎಲ್ಲಾ ರಾಜ್ಯಗಳಿಗೆ ಪತ್ರ ಬರೆದು, ಕ್ಲಾಸಿನಲ್ಲೇ ಸಕ್ಕರೆ ನೋಡಿಕೊಳ್ಳೋಕೆ, ಚುಚ್ಚು ತಕ್ಕೊಳ್ಳೋಕೆ, ನಡುವೆ ತಿನ್ನೋಕೆ ಬಿಡಿ ಅಂದಿದೆ. ಕಾಗದ ದಿಲ್ಲಿಯಿಂದ ಹೊರಟಿದೆ. ಕಾಡು ದಾಟಿ ಬರೋ ಹೊತ್ತಿಗೆ ಏನಾಗ್ತದೋ! ಒಬ್ಬ ಕ್ಲಾಸ್ ಟೀಚರಿಗೆ ತಿಳಿದಿದ್ದರೆ ಸಾಲದು. ರಜೆ ಮೇಲೆ ಅವರು ಹೋದ ದಿನ ಬರೋ ಟೀಚರಿಗೂ ತಿಳಿದಿರಬೇಕು, ಅಡುಗೆಯವರಿಗೂ, ಬಸ್ಸಿನವನಿಗೂ.

ಇನ್ನೊಂದು ಬಗೆಯವರು ಉಂಟು, ನಮ್ಮ ನೆಂಟರೊಳಗೇ. ಅವರ ಮಾತು ಮೆತ್ತಗೆ. "ಹೆಣ್ಣು ಮಗು, ಮುಂದೆ ಮದುವೆ ಆಗಬೇಕು, ನಾಲ್ಕು ಜನ ಸೇರೋ ಕಡೆ ಆ ಡಬ್ಬಿ ಬಿಚ್ಚಿಡಿ. ಅಥವಾ ಕಾಣದ ಹಾಗೆ ಕಟ್ಟಿ." ನಾನು ಕೇಳ್ತೀನಿ, ನನ್ನ ಕಣ್ಣಿಗೆ ಕನ್ನಡಕ ಇದೆ, ಯಾರೂ ಬಿಚ್ಚಿಡು ಅಂದಿಲ್ಲ. ನಮ್ಮ ಬೀದಿಯಲ್ಲಿ ಕೋಲು ಊರಿ ನಡೆಯೋರಿದ್ದಾರೆ, ಕೋಲು ಮುಚ್ಚಿಡು ಅಂದಿಲ್ಲ. ಹೊಟ್ಟೆಯ ಡಬ್ಬಿಗೆ ಮಾತ್ರ ನಾಚಿಕೆ ಯಾಕೆ? ಸೊಸೆ ಈ ಮಾತಿಗೆ ಹೆದರಿ ಒಂದು ಮದುವೆಗೆ ಹೋದಾಗ ಒಳಲಂಗದೊಳಗೆ ಡಬ್ಬಿ ಬಿಗಿಯಾಗಿ ಕಟ್ಟಿ ಮುಚ್ಚಿದಳು. ಕೊಳವೆ ಮಡಚಿಕೊಂಡಿತು, ಸದ್ದು ಓಲಗದಲ್ಲಿ ಕೇಳಲಿಲ್ಲ. ಎರಡು ಗಂಟೆ ಹನಿ ನಿಂತಿತ್ತು. ಮದುವೆ ಬಗ್ಗೆ ಯೋಚನೆ ಮಾಡೋರು ಮೊದಲು ಹುಡುಗಿ ಮದುವೆ ವಯಸ್ಸಿನ ತನಕ ಉಳಿಯೋದರ ಬಗ್ಗೆ ಯೋಚನೆ ಮಾಡಿ. ನನಗೆ ಈ ಮಾತು ಬರೆಯೋಕೆ ಕೈ ನಡುಗ್ತದೆ, ಆದರೂ ಬರೆದೆ.

ಈಗ ಬೇಲಿಗೆ ಬರ್ತೀನಿ.

ಬೇಲಿ ಬೇಕು ಅಂತ ಮೊದಲು ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಎರಡು ವರ್ಷ ನನ್ನ ಗಂಧಕಸಾಲೆ ಆನೆಯ ಹೊಟ್ಟೆ ಸೇರಿದೆ. 2010ರಲ್ಲಿ ಗಂಧಕಸಾಲೆಗೆ, ಜೀರಕಸಾಲೆಗೆ ಜಿ.ಐ. ಮುದ್ರೆ ಬಿತ್ತು, ವಯನಾಡಿನ ಅಕ್ಕಿ ಅಂತ ಹೆಸರಾಯ್ತು. ಆನೆಗೆ ಮುದ್ರೆ ಓದೋಕೆ ಬರೋದಿಲ್ಲ. ಬೇಲಿ ಇಲ್ಲದೆ ನಾವು ಉಳಿಯೋದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿಯ ದುಡ್ಡನ್ನು ನನ್ನ ಮೊಮ್ಮಗಳು ತಿಂದಳಾ? ಅರಣ್ಯದ ಬೇಲಿಯ ಲೆಕ್ಕ ಬೇರೆ ಇಲಾಖೆದು, ಮಕ್ಕಳ ಔಷಧಿ ಲೆಕ್ಕ ಬೇರೆ ಇಲಾಖೆದು. ನಾಳೆ ಮಗೀನ ಡಬ್ಬಿ ಕಿತ್ತುಕೊಂಡರೆ ಆ ದುಡ್ಡು ತಂತಿಯಾಗಿ ಚೇಕಾಡಿಗೆ ಬರ್ತದೆ ಅಂತ ಯಾರಾದ್ರೂ ಬರೆದು ಕೊಡ್ತೀರಾ? ಬೇಲಿ ಕೊಡದವರನ್ನು ಕೇಳೋ ಧೈರ್ಯ ಇಲ್ಲದೆ ಪಕ್ಕದ ಮನೆ ಮಗೀನ ಹೊಟ್ಟೆ ಕಡೆ ಕೈ ತೋರಿಸಿದ್ರಿ. ಅದು ಸುಲಭ, ಮಗು ತಿರುಗಿ ಮಾತಾಡೋದಿಲ್ಲ.

"ಒಬ್ಬರಿಗೆ ಇಷ್ಟು ಖರ್ಚು ಯಾಕೆ" ಅನ್ನೋ ಲೆಕ್ಕ ಇದೆಯಲ್ಲ, ಅದು ಬಲು ಅಪಾಯದ ಲೆಕ್ಕ. ಆ ಅಳತೆಗೋಲು ಹಿಡಿದು ಕಲ್ಪೆಟ್ಟದಲ್ಲಿ ಕೂತ ಒಬ್ಬರು ಚೇಕಾಡಿಯನ್ನು ಅಳೆದರೆ ಏನಂತಾರೆ? ಕಾಡಿನ ನಡುವೆ ಇಷ್ಟೇ ಮನೆ, ಇವರಿಗೆ ಇಷ್ಟು ಉದ್ದ ಬೇಲಿ ಯಾಕೆ, ಇವರಿಗೆ ರಸ್ತೆ ಯಾಕೆ, ಬಸ್ಸು ಯಾಕೆ ಅಂತಾರೆ. ತಿರುವನಂತಪುರದಲ್ಲಿ ಕೂತವರು ವಯನಾಡನ್ನೇ ಹಂಗೆ ಅಳೀತಾರೆ. ಮೈಸೂರು ಕಡೆಗೆ ಹೋಗೋ ಮುತ್ತಂಗ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ಗಾಡಿಗಳಿಗೆ ಓಡಾಟ ಇಲ್ಲ, ಕಾಡುಪ್ರಾಣಿಗೆ ಅದು ಒಳ್ಳೇದೇ ಅಂತ ನಾನೂ ಒಪ್ತೀನಿ. ಆದರೆ ಆಗ ನಾವೆಲ್ಲ ಏನು ಕೂಗಿದ್ವಿ? "ಕಡಿಮೆ ಜನ ಅಂತ ನಮ್ಮ ಕಷ್ಟ ಲೆಕ್ಕಕ್ಕಿಲ್ಲವಾ" ಅಂತ ಕೂಗಿದ್ವಿ. ಕಡಿಮೆ ಜನದ ಪರವಾಗಿ ಕೂಗಿದ ಬಾಯೇ ಈಗ ಒಂದು ಮಗೀನ ನೋಡಿ "ಒಂದೇ ಅಲ್ವಾ" ಅಂದದ್ದು.

ಸರ್ಕಾರ ಎಲ್ಲಾ ಸರಿ ಮಾಡಿದೆ ಅಂತಲೂ ನಾನು ಹೇಳೋದಿಲ್ಲ. ಯೋಜನೆ ಇರೋದು ಮಕ್ಕಳಿಗೆ. ಕಾಯಿಲೆ ಮಕ್ಕಳದ್ದಲ್ಲ, ಸಾಯೋ ತನಕದ್ದು. ಇವಳು ದೊಡ್ಡವಳಾದ ಮೇಲೆ ಆ ನಳಿಕೆಗೆ, ಕೊಳವೆಗೆ, ಸಕ್ಕರೆ ನೋಡೋ ಬಿಲ್ಲೆಗೆ ತಿಂಗಳು ತಿಂಗಳು ಸಾವಿರಗಟ್ಟಲೆ ಎಲ್ಲಿಂದ ತರೋದು? ಭತ್ತ ಮಾರಿ ಅದು ಆಗೋ ಮಾತಲ್ಲ. ಪಂಪು ಸಿಗದ ಮಕ್ಕಳು ಎಷ್ಟೋ ಇದ್ದಾರೆ, ಹೊಳೆಯಾಚೆ ನಮ್ಮ ನೆಂಟರ ಹುಡುಗನೊಬ್ಬ ದಿನಕ್ಕೆ ನಾಲ್ಕು ಚುಚ್ಚಿನಲ್ಲೇ ಇದ್ದಾನೆ. ಚೆನ್ನಾಗಿ ನೋಡಿಕೊಂಡರೆ ಚುಚ್ಚಿನಲ್ಲೂ ಚೆನ್ನಾಗೇ ಬದುಕ್ತಾರೆ, ಅವನು ಕಬಡ್ಡಿ ಆಡ್ತಾನೆ. ಪಂಪೇ ಬೇಕು ಅಂತ ಸಾಲ ಮಾಡಿ ಹೊಲ ಮಾರೋರಿಗೆ ನಾನು ಬೇಡ ಅಂತಲೇ ಹೇಳ್ತೀನಿ. ಆದರೆ ಡಾಕ್ಟರು ಈ ಮಗೀಗೆ ಇದು ಬೇಕು ಅಂದ ಮೇಲೆ, ಸರ್ಕಾರ ಕೊಟ್ಟ ಮೇಲೆ, ಅದನ್ನು ಎಲ್ಲರ ಮುಂದೆ ಭಿಕ್ಷೆ ಅನ್ನೋ ಹಾಗೆ ಆಡಬೇಡಿ. ಮುಂದಿನ ಸಭೆಯಲ್ಲಿ ಎರಡು ಅರ್ಜಿ ಬರೆಯೋಣ. ಬೇಲಿಗೆ ಒಂದು, ದೊಡ್ಡವರಾದ ಮೇಲೂ ಈ ಔಷಧಿ ಸಿಗಬೇಕು ಅಂತ ಒಂದು. ಎರಡಕ್ಕೂ ಸಹಿ ಮಾಡೋರಲ್ಲಿ ನಾನು ಮೊದಲನೆಯವನು. ಅವತ್ತು ಎದ್ದು ನಿಂತವರು ಎರಡನೆಯವರಾಗಲಿ, ಅವರ ಮೇಲೆ ನನಗೆ ಸಿಟ್ಟು ಉಳಿದಿಲ್ಲ. ಅವರ ಬಾಳೆ ತೋಟ ಹೋದ ವರ್ಷ ಎರಡು ಸಲ ನೆಲ ಸೇರಿದ್ದು ನಾನೇ ನೋಡಿದ್ದೀನಿ, ಹೊಟ್ಟೆ ಉರಿಯಿಂದ ಬಂದ ಮಾತು ಅದು.

ವಾಚನಾಲಯದ ಕಪಾಟಿನಲ್ಲಿ, ಪತ್ರಿಕೆ ಜೋಡಿಸೋ ಅಂಕಣದ ಕೆಳಗೆ, ಹಸಿರು ಮುಚ್ಚಳದ ಡಬ್ಬಿಯೊಂದು ಇಟ್ಟಿದ್ದೀನಿ. ಒಳಗೆ ಗ್ಲೂಕೋಸ್ ಪೊಟ್ಟಣ, ಸಕ್ಕರೆ, ಚಮಚ, ನನ್ನ ಮಗನ ಫೋನ್ ನಂಬರಿನ ಚೀಟಿ. ಬೀಗ ಇಲ್ಲ. ಚಹಾಕ್ಕೆ ಅಂತ ಅದರಿಂದ ಸಕ್ಕರೆ ತೆಗೆದವರು ವಾಪಸ್ ಹಾಕಿ, ಒಂದು ಸಲ ಆಗಲೇ ಖಾಲಿ ಆಗಿತ್ತು.

ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಇದೇ ಜಗಲಿಯಲ್ಲಿ ಪಂಪು ಹೆಂಗೆ ಕೆಲಸ ಮಾಡ್ತದೆ ಅಂತ ತೋರಿಸ್ತೀವಿ. ನಾನು ತಂಬೂರಿ ಹೋಲಿಕೆ ಹೇಳ್ತೀನಿ ಅಂದೆ. "ತಾತ, ನೀನು ಶುರು ಮಾಡಿದ್ರೆ ಬೆಳಗಾಗ್ತದೆ. ನಾನೇ ಹೇಳ್ತೀನಿ, ನೀನು ಪಾಯಸ ಮಾಡಿಸು" ಅಂದಿದ್ದಾಳೆ. ಪಾಯಸಕ್ಕೆ ಎಷ್ಟು ಗುಂಡಿ ಒತ್ತಬೇಕು ಅಂತ ಎಲ್ಲರ ಮುಂದೆ ಲೆಕ್ಕ ಮಾಡಿ ಒತ್ತುತ್ತಾಳಂತೆ. ಆರನೇ ಕ್ಲಾಸಿನ ಟೀಚರಿಗೆ ಹೇಳಿ ಬಂದಿದ್ದೀನಿ, ಬರ್ತೀನಿ ಅಂದ್ರು.